ದುಂಡು ರಿಯಾಕ್ಟರಿನ ಈಶಾನ್ಯ ಮೂಲೆ

ಮುಂಬಯಿ ಹತ್ತಿರದ ಠಾಕುರ್ಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನನ್ನ ಹೆಸರು ಸುಮಿತ್ರಾ ಎಂದು ಗೊತ್ತಿದ್ದವರು ಕಡಿಮೆ. ಎಲ್ಲರಿಗೂ ನಾನು ‘ಪ್ಲಾಸ್ಟಿಕ್‌ವಾಲಿ ಬಾಯಿ’. ಡಬ್ಬಿಯ ಮುಚ್ಚಳ ಕಳೆದುಕೊಂಡವರು, ಬಕೆಟ್ಟಿನ ಹಿಡಿ ಮುರಿದವರು ಸೀದಾ ಬಂದು ನಮ್ಮ ಬಾಗಿಲು ಬಡಿಯುತ್ತಿದ್ದರು. ನಾವು ಪ್ಲಾಸ್ಟಿಕ್ ಮಾಡುವವರಲ್ಲ, ಬಿಸಾಡಿದ ಪ್ಲಾಸ್ಟಿಕ್ ಕಾಯಿಸಿ ತೆಗೆದ ಎಣ್ಣೆಯಿಂದ ಡೀಸೆಲ್ ಮಾಡುವವರು ಎಂದು ಎಷ್ಟು ಸಲ ಹೇಳಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಹೇಳುವುದನ್ನು ಬಿಟ್ಟು, ಅಲ್ಲಿ ಇಲ್ಲಿ ಸಿಕ್ಕ ಮುಚ್ಚಳಗಳನ್ನು ತಂದುಕೊಟ್ಟು ಒಳ್ಳೆಯವಳೆನಿಸಿಕೊಂಡೆ.

ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಫೋನ್ ಮಾಡಿ, ಯಾವ ಸಾಫ್ಟ್‌ವೇರ್ ಕಲಿತರೆ ಒಳ್ಳೆಯದು ಮೇಡಂ ಎಂದು ಕೇಳುತ್ತಾರೆ. ಅದನ್ನು ಹೇಳಲು ಬಹಳ ಮಂದಿ ಇದ್ದಾರೆ. ಸಾಫ್ಟ್‌ವೇರಿಗೆ ಗೊತ್ತಿಲ್ಲದ ಕೆಲವು ಸಂಗತಿಗಳು ನನ್ನಲ್ಲಿವೆ, ಅವುಗಳಲ್ಲಿ ಮುಕ್ಕಾಲು ಪಾಲು ನನ್ನದೇ ಪೆದ್ದುತನದವು. ಅವನ್ನು ಬರೆದಿಡುತ್ತೇನೆ.

ಮೊದಲು ಕೆಲಸ ಏನೆಂದು ಹೇಳಿಬಿಡುವುದು ವಾಸಿ. ಪ್ಲಾಸ್ಟಿಕ್ ಕಾಯಿಸಿದಾಗ ಬರುವ ಎಣ್ಣೆ ಬಹಳ ಪುಂಡ ಎಣ್ಣೆ. ಇವತ್ತು ತಿಳಿಯಾಗಿ ಕಂಡರೆ ನಾಳೆ ಹಳದಿ, ನಾಡಿದ್ದು ಕೆಂಪು, ವಾರ ಕಳೆದರೆ ತಳದಲ್ಲಿ ಅಂಟು. ಅದನ್ನು ಹೈಡ್ರೋಜನ್ ಅನಿಲದ ಜೊತೆ ಬಿಸಿ ಮಾಡಿ, ಕ್ಯಾಟಲಿಸ್ಟ್ ಎಂಬ ಮೆಂತ್ಯದ ಗಾತ್ರದ ಕಾಳುಗಳ ರಾಶಿಯೊಳಗಿಂದ ಇಳಿಸಬೇಕು. ಕಾಳುಗಳು ತಾವೇನೂ ಕರಗುವುದಿಲ್ಲ, ಆದರೆ ಅವುಗಳ ಮೈಸವರಿ ಇಳಿಯುವಷ್ಟರಲ್ಲಿ ಎಣ್ಣೆಗೆ ಬುದ್ಧಿ ಬಂದಿರುತ್ತದೆ, ಕೆಳಗೆ ನೀರಿನಂಥ ಡೀಸೆಲ್ ಸಿಗುತ್ತದೆ. ಕಾಳು ತುಂಬಿದ ಆ ಉಕ್ಕಿನ ಕಂಬವೇ ರಿಯಾಕ್ಟರ್. ಅದು ಎಷ್ಟು ದಪ್ಪ ಇರಬೇಕು, ಎಷ್ಟು ಎತ್ತರ, ಎಲ್ಲಿ ಎಷ್ಟು ಬಿಸಿ ಎಂದು ಗೊತ್ತು ಮಾಡುವುದು ನನ್ನ ಹೊಟ್ಟೆಪಾಡಾಗಿತ್ತು. ಘಣಸೋಲಿಯ ಹತ್ತಿರದ ಒಂದು ಶೆಡ್ಡಿನಲ್ಲಿ ನಮ್ಮ ಸಣ್ಣ ಕಂಪನಿ ಇತ್ತು.

ನಮ್ಮ ಮೇಲಧಿಕಾರಿ ಇನಾಮದಾರ ಸಾಹೇಬರು ಬಾಗಲಕೋಟೆಯ ಕಡೆಯವರು, ನಾನು ಹುಬ್ಬಳ್ಳಿಯವಳು. ಸಾಹೇಬರು ಮೀಟಿಂಗಿನಲ್ಲಿ ಇಂಗ್ಲಿಷ್, ಕ್ಯಾಂಟೀನಿನಲ್ಲಿ ಮರಾಠಿ, ಸಿಟ್ಟು ಬಂದಾಗ ಕನ್ನಡ ಮಾತಾಡುತ್ತಿದ್ದರು. ನನ್ನ ಜೊತೆ ಯಾವಾಗಲೂ ಕನ್ನಡವನ್ನೇ ಆಡುತ್ತಿದ್ದರು ಎಂದರೆ ಉಳಿದದ್ದು ನಿಮಗೆ ತಿಳಿಯುತ್ತದೆ.

ನಾನು ಸೇರಿದಾಗ ಲೆಕ್ಕವೆಲ್ಲ ಕ್ಯಾಲ್ಕ್ಯುಲೇಟರಿನಲ್ಲಿ, ಚೌಕುಳಿ ಕಾಗದದ ಮೇಲೆ. ಲೆಕ್ಕ ಮುಗಿದ ಮೇಲೆ ಯಾವುದಕ್ಕೂ ಇರಲಿ ಎಂದು ನಾನು ರಿಯಾಕ್ಟರಿನ ಎತ್ತರಕ್ಕೆ ಒಂದಿಷ್ಟು ಸೇರಿಸುತ್ತಿದ್ದೆ. ಯಾರಿಗೂ ಹೇಳುತ್ತಿರಲಿಲ್ಲ. ನನ್ನ ಕಾಗದ ಕೈಗೆ ಬಂದಾಗ ಸಾಹೇಬರೂ ಯಾವುದಕ್ಕೂ ಇರಲಿ ಎಂದು ಒಂದಿಷ್ಟು ಸೇರಿಸುತ್ತಿದ್ದರು. ಅವರೂ ಹೇಳುತ್ತಿರಲಿಲ್ಲ. ಅತ್ತೆ ಒಮ್ಮೆ, ಸೊಸೆ ಒಮ್ಮೆ ಉಪ್ಪು ಹಾಕಿದ ಸಾರಿನ ಗತಿ. ಹೀಗೆ ತಯಾರಾದ ಮೊದಲನೆಯ ರಿಯಾಕ್ಟರ್ ಶೆಡ್ಡಿನ ಸೂರಿಗಿಂತ ಎತ್ತರವಾಗಿ, ತಗಡು ಕತ್ತರಿಸಿ ಅದರ ತಲೆಯನ್ನು ಹೊರಗೆ ಬಿಡಬೇಕಾಯಿತು. ಮಳೆಗಾಲ ಪೂರ್ತಿ ಆ ಸಂದಿಯಿಂದ ನೀರು ಸಾಹೇಬರ ಮೇಜಿನ ಮೇಲೆ ಬೀಳುತ್ತಿತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸಾಫ್ಟ್‌ವೇರ್ ಬಂದ ಮೇಲೆ ಈ ಕಳ್ಳ ಕೂಡಿಕೆಗಳು ನಿಂತುಹೋಗಿವೆ ಎಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ.

ಎರಡನೆಯ ಸಂಗತಿ ವಾಸನೆಯದು. ಹೊಸ ಕಾಳುಗಳು ನಿದ್ದೆಯಲ್ಲಿರುತ್ತವೆ. ಅವನ್ನು ಎಬ್ಬಿಸಲು ಮೊದಲು ಗಂಧಕದ ಒಂದು ದ್ರವ ಹರಿಸಬೇಕು. ಅದರ ವಾಸನೆ ಕೊಳೆತ ಈರುಳ್ಳಿಯೂ ಸೋರುವ ಸಿಲಿಂಡರೂ ಕೂಡಿದ ಹಾಗೆ. ಒಂದು ಹನಿ ಸೀರೆಗೆ ಸಿಡಿದರೆ ಮೂರು ಒಗೆತಕ್ಕೂ ಹೋಗದು. ಮೊದಲ ಸಲ ಆ ಕೆಲಸ ಮುಗಿಸಿ ಸಂಜೆ ಘಣಸೋಲಿಯಲ್ಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತಿದೆ. ಕಾಲಿಡಲು ಜಾಗವಿಲ್ಲದ ಗರ್ದಿ. ಎರಡು ನಿಮಿಷವಾಗಿರಲಿಲ್ಲ, ಒಬ್ಬಾಕೆ ಮೂಗಿಗೆ ಸೆರಗು ಹಿಡಿದು, “ಅರೇ, ಗ್ಯಾಸ್ ಕಿಧರ್ ಸೆ ಆ ರಹಾ ಹೈ?” ಎಂದಳು. ಇನ್ನೊಬ್ಬಾಕೆ ತನ್ನ ಮೀನಿನ ಬುಟ್ಟಿಯ ಮೇಲೆ ಅಪವಾದ ಬರುತ್ತದೆಂದು ಹೆದರಿ, “ಮಾಝಾ ಮಾಸಾ ತಾಜಾ ಆಹೇ”, ತನ್ನ ಮೀನು ತಾಜಾ ಎಂದು ಎಲ್ಲರಿಗೂ ಸಾರಿದಳು. ನಾನೂ ಅವರ ಜೊತೆ ಮೂಗು ಮುಚ್ಚಿಕೊಂಡು ಅತ್ತ ಇತ್ತ ನೋಡಿದೆ. ಐರೋಲಿ ಬರುವಷ್ಟರಲ್ಲಿ ನನ್ನ ಸುತ್ತ ಖಾಲಿಯಾಗಿ ಕಿಟಕಿಯ ಸೀಟು ಸಿಕ್ಕಿತು. ಆಮೇಲೆ ಕಾಲುನೋವಿದ್ದ ದಿನ ಮನೆಗೆ ಹೊರಡುವ ಮೊದಲು ಬೇಕೆಂದೇ ಆ ಪಂಪಿನ ಹತ್ತಿರ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದೆ ಎಂದು ಕಂಪನಿಯಲ್ಲಿ ಸುದ್ದಿಯಿತ್ತು. ಅದು ಸುಳ್ಳು, ಮೂರೇ ಸಲ.

ಇನ್ನು ಶೇಖರಣ್ಣನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಬೇಕೆಂದೇ ಕುಳಿತದ್ದು.

ಶೇಖರಣ್ಣ ನಮ್ಮಲ್ಲಿ ಕಾಳು ತುಂಬುವ ಕೆಲಸದವನು. ಉಡುಪಿಯ ಕಡೆಯವನು, ಮನೆ ಕಾಮೋಠೆಯಲ್ಲಿ. ಠಾಣೆಯ ಒಂದು ಹೋಟೆಲಿನಲ್ಲಿ ಕಾಫಿ ಡಿಕಾಕ್ಷನ್ ಹಾಕುತ್ತಿದ್ದ. ಹೋಟೆಲು ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿಯಾದ ಮೇಲೆ ನಮ್ಮಲ್ಲಿಗೆ ಕಾಂಟ್ರಾಕ್ಟಿನ ಮೇಲೆ ಬಂದ. ಎಲ್ಲರ ಎದುರು ನನಗೆ ‘ಮೇಡಂ’ ಎನ್ನುತ್ತಿದ್ದ, ನಾವಿಬ್ಬರೇ ಇದ್ದಾಗ ‘ಅಕ್ಕ’.

ಕಾಳು ತುಂಬುವುದು ಸುಲಭವೆಂದು ನೀವು ತಿಳಿದಿದ್ದರೆ ಒಮ್ಮೆ ತುಂಬಿ ನೋಡಿ. ಮೇಲಿಂದ ಸುಮ್ಮನೆ ಸುರಿದರೆ ನಡುವೆ ಗೋಪುರವಾಗುತ್ತದೆ, ಎಣ್ಣೆ ಗೋಡೆಯ ಬದಿ ಹಿಡಿದು ಓಡಿಹೋಗುತ್ತದೆ. ಗೇಣು ಗೇಣಿಗೂ ಸಮಮಾಡುತ್ತ ಬರಬೇಕು, ಒತ್ತಲೂ ಬಾರದು. ಇನ್ನು ಕಾಳಿನ ರಾಶಿಯ ಮೇಲೆ, ಒಳಗೋಡೆಗೆ ಬೆಸೆದ ಬಳೆಯಂಥ ಪಟ್ಟಿಯ ಮೇಲೆ, ಒಂದು ತೂತಿನ ತಟ್ಟೆ ಕೂರುತ್ತದೆ. ಎಣ್ಣೆ ಅದರ ಮೇಲೆ ಬಿದ್ದು ಎಲ್ಲ ತೂತುಗಳಿಂದಲೂ ಒಂದೇ ಸಮನೆ ತೊಟ್ಟಿಕ್ಕಬೇಕು. ಇದನ್ನು ನಾನು ಶೇಖರಣ್ಣನಿಗೆ ನಕ್ಷೆ ಬರೆದು ಅರ್ಧ ಗಂಟೆ ವಿವರಿಸಿದೆ. ಅವನು ಪೂರ್ತಿ ಕೇಳಿ, “ಇದು ನಮ್ಮ ಕಾಫಿ ಫಿಲ್ಟರಿನ ತಟ್ಟೆಯೇ ಅಲ್ವಾ ಅಕ್ಕ? ಅದು ಓರೆ ಕೂತ್ರೆ ನೀರು ಒಂದೇ ಬದಿಯಲ್ಲಿ ಹೋಗ್ತದೆ. ಒಂದು ಬದಿ ಪುಡಿ ಒಣಗಿಯೇ ಇರ್ತದೆ, ಡಿಕಾಕ್ಷನ್ ನೀರು ನೀರು” ಎಂದ. ನಾವು ಚಹಾದ ಮಂದಿ. ಅವನು ಒಂದು ಫಿಲ್ಟರ್ ತಂದು ತೋರಿಸಿದಾಗ, ಇಷ್ಟು ವರ್ಷ ಪುಸ್ತಕದಲ್ಲಿ ಓದಿದ್ದು ಒಂದು ಲೋಟದಲ್ಲಿ ಕಂಡಿತು.

ಆಮೇಲೆ ನಮಗೊಂದು ದೊಡ್ಡ ಕೆಲಸ ಬಂತು. ಎರಡಡಿ ಅಗಲದ ರಿಯಾಕ್ಟರ್, ನಾನು ಮೊದಲಿನಿಂದ ಕೊನೆಯವರೆಗೆ ಒಬ್ಬಳೇ ಲೆಕ್ಕಹಾಕಿ ಮಾಡಿದ್ದು. ಅದು ಚೆನ್ನಾಗಿ ನಡೆದರೆ ಪಾರ್ಟಿಯವರು, ಅಂದರೆ ಅದನ್ನು ಮಾಡಿಸಿದ ಗಿರಾಕಿಗಳು, ಇನ್ನೂ ಎರಡು ಮಾಡಿಸುವವರಿದ್ದರು. ಆ ವರ್ಷವೇ ಕಾಂಟ್ರಾಕ್ಟಿನವರಲ್ಲಿ ಒಬ್ಬರನ್ನು ಪರ್ಮನೆಂಟ್ ಮಾಡುವುದೆಂದೂ ಆಗಿತ್ತು. ಪಟ್ಟಿಯಲ್ಲಿ ಇದ್ದದ್ದು ಶೇಖರಣ್ಣನ ಹೆಸರು. ಹನ್ನೊಂದು ವರ್ಷ ಕಾದಿದ್ದ.

ನಿಯಮ ಹೀಗಿತ್ತು. ಕಾಳು ತುಂಬಿದ ಮೇಲೆ ಅದರ ಹಾಳೆಗೆ ಶೇಖರಣ್ಣನ ಸಹಿ. ತಟ್ಟೆ ಕೂರಿಸಿ, ಊರಲ್ಲಿ ಗಾರೆಯವರು ರಸಮಟ್ಟ ಎನ್ನುವ ಸ್ಪಿರಿಟ್ ಲೆವೆಲ್ ಇಟ್ಟು ನೋಡಿ, ಅದರ ಹಾಳೆಗೆ ನನ್ನ ಸಹಿ. ಆಮೇಲೆ ಮುಚ್ಚಳ.

ಸಾಹೇಬರು ವಿಜ್ಞಾನದ ಮನುಷ್ಯ, ದೇವರು ದಿಂಡರು ಮನೆಯಲ್ಲಿರಲಿ ಎನ್ನುವವರು. ಆದರೆ ಮುಚ್ಚಳ ಹಾಕಲು ಅವರ ಮಾವನವರು ಬೆಳಗಾವಿಯಿಂದ ಮುಹೂರ್ತ ತೆಗೆದುಕೊಟ್ಟಿದ್ದರು. ಬೆಳಿಗ್ಗೆ ಹನ್ನೊಂದು ನಲವತ್ತು. ಕಾಳು ತುಂಬಿ ಮುಗಿದಾಗಲೇ ಹನ್ನೊಂದೂವರೆ. ಸಾಹೇಬರು ರಿಯಾಕ್ಟರಿನ ಬಾಯಿಯ ಪಕ್ಕದ ಅಟ್ಟಕ್ಕೆ ಹತ್ತಿ ಬಂದು, ಒಳಗೆ ಬಗ್ಗಿ ನೋಡಿ, “ಎಲ್ಲಾ ಛಲೋ ಅದ, ಲಗೂ ಮಾಡ್ರಿ” ಎಂದು ಇಳಿದು ಹೋದರು.

ಆಗ ನಾನು ಮಾಡಿದ ಕೆಲಸ ಹೇಳುತ್ತೇನೆ. ನಮ್ಮ ಕಡೆ ಮನೆ ಕಟ್ಟುವಾಗ ಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಅದರ ಕೆಳಗೆ ನಾಣ್ಯವಿಟ್ಟು ನಿಲ್ಲಿಸುತ್ತಾರೆ. ಠಾಕುರ್ಲಿಯ ಫ್ಲಾಟಿನ ಬಾಗಿಲನ್ನು ಬಿಲ್ಡರ್ ಯಾವಾಗ ನಿಲ್ಲಿಸಿದನೋ, ನಮ್ಮನ್ನು ಯಾರೂ ಕೇಳಲಿಲ್ಲ. ಅದಕ್ಕೆಂದು ಅಮ್ಮ ಕೊಟ್ಟಿದ್ದ ಅಜ್ಜಿಯ ಬೆಳ್ಳಿ ರೂಪಾಯಿ ಪರ್ಸಿನಲ್ಲೇ ಉಳಿದಿತ್ತು. ಈ ರಿಯಾಕ್ಟರ್ ನನಗೆ ಮನೆಗಿಂತ ಹೆಚ್ಚಾಗಿತ್ತು. ಇಡುವುದಾದರೆ ಈಶಾನ್ಯಕ್ಕೇ ಇಡಬೇಕು. ದುಂಡು ಪಾತ್ರೆಗೆ ಮೂಲೆ ಎಲ್ಲಿಂದ ಬರಬೇಕು? ಆದರೂ ಪಾರಸಿಕ್ ಗುಡ್ಡ ಪೂರ್ವಕ್ಕೆ, ಖಾಡಿ ಎನ್ನುವ ಸಮುದ್ರದ ಹಿನ್ನೀರು ಪಶ್ಚಿಮಕ್ಕೆ ಎಂದು ಲೆಕ್ಕ ಹಾಕಿ, ಈಶಾನ್ಯ ಕಂಡುಹಿಡಿದು, ಒಳಗಿನ ಪಟ್ಟಿಯ ಮೇಲೆ ರೂಪಾಯಿ ಇಟ್ಟೆ. ಕತ್ತಲಲ್ಲಿ ಕೈಯಂದಾಜು. ಇಂಜಿನಿಯರ್ ಪದವಿ ಪಡೆದವಳು ನಾನು, ನಗಬೇಡಿ.

ಶೇಖರಣ್ಣ ಪಕ್ಕದಲ್ಲೇ ನಿಂತಿದ್ದ. ತಟ್ಟೆ ಇಳಿಸಿ ಕೂರಿಸಿದ. “ಒಮ್ಮೆ ಲೆವೆಲ್ ಇಟ್ಟು ನೋಡುವಾ ಅಕ್ಕ” ಎಂದ. ಗಡಿಯಾರ ನೋಡಿದೆ. ಕೆಳಗಿನಿಂದ ಸಾಹೇಬರು, “ಮುಹೂರ್ತ ಮೀರಲಿಕ್ಕೆ ಬಂತ್ರೀ” ಎಂದು ಕೂಗುತ್ತಿದ್ದರು. ಹಿಂದಿನ ವಾರವಷ್ಟೇ ನೋಡಿದ್ದೇನಲ್ಲ, ತಟ್ಟೆ ಅದೇ, ಪಟ್ಟಿ ಅದೇ ಎಂದುಕೊಂಡು ಹಾಳೆಗೆ ಸಹಿ ಹಾಕಿದೆ. ಸರಿಯಾಗಿ ಹನ್ನೊಂದು ನಲವತ್ತಕ್ಕೆ ಮುಚ್ಚಳ ಬಿತ್ತು.

ಹತ್ತು ದಿನದ ಮೇಲೆ ಎಣ್ಣೆ ಬಿಟ್ಟೆವು. ಕೆಳಗೆ ಬಂದದ್ದು ಚಹಾದ ಬಣ್ಣದ್ದು, ಸುಟ್ಟ ಚಪ್ಪಲಿಯ ವಾಸನೆಯದು. ರಿಯಾಕ್ಟರಿನ ಈಶಾನ್ಯದ ಬದಿ ಬಿಸಿಯೇರುತ್ತ ಹೋಗುತ್ತಿತ್ತು, ಎದುರು ಬದಿ ತಣ್ಣಗಿತ್ತು. ಆ ಅಂಕಿಗಳನ್ನು ನೋಡಿದ ಕ್ಷಣವೇ ನನಗೆ ತಿಳಿಯಿತು. ತಟ್ಟೆ ಓರೆಯಾಗಿದೆ, ಎಣ್ಣೆಯೆಲ್ಲ ಎದುರಿನ ತಗ್ಗು ಬದಿಯಲ್ಲೇ ಇಳಿಯುತ್ತಿದೆ, ಎತ್ತರವಾದ ಈಶಾನ್ಯದಲ್ಲಿ ಕಾಳುಗಳು ಒಣಗಿ ಕಾಯುತ್ತಿವೆ. ಅಜ್ಜಿಯ ರೂಪಾಯಿ ಒಳ್ಳೆಯ ದಪ್ಪದ್ದು.

ಒಪ್ಪಿಕೊಂಡೆನೆಂದು ತಿಳಿಯಬೇಡಿ. ಮೊದಲ ದಿನ ಎಣ್ಣೆಯೇ ಕೆಟ್ಟದ್ದೆಂದು ವಾದಿಸಿದೆ. ಭಂಗಾರದವರು, ಅಂದರೆ ಕಲ್ಯಾಣದ ಗುಜರಿಯವರು, ಬಾಟಲಿಗಳ ಜೊತೆ ಹಳೆ ಚಪ್ಪಲಿ ಸೇರಿಸಿದ್ದಾರೆ ಎಂದೆ. ಅವರು ಹಿಂದೊಮ್ಮೆ ಸೇರಿಸಿದ್ದು ನಿಜವಾದ್ದರಿಂದ ಒಂದು ದಿನ ಅದು ನಡೆಯಿತು. ಎರಡನೆಯ ದಿನ ಉಷ್ಣಮಾಪಕಗಳ ತಂತಿ ಅದಲುಬದಲಾಗಿದೆ ಎಂದೆ. ಮೂರನೆಯ ದಿನ ಹೈಡ್ರೋಜನ್ ಸಿಲಿಂಡರುಗಳನ್ನು ಬೈದೆ. ಸಾಹೇಬರೂ ನನ್ನ ಪ್ರತಿಯೊಂದು ಸುಳ್ಳನ್ನೂ ಬಹಳ ಆಸೆಯಿಂದ ಕೇಳಿದರು. ಅದು ನನಗೆ ವಿಚಿತ್ರವೆನಿಸಲಿಲ್ಲ, ಎನಿಸಬೇಕಿತ್ತು.

ನಾಲ್ಕನೆಯ ದಿನ ಸಾಹೇಬರು ನನ್ನನ್ನು ಕರೆದು, ಪಾರ್ಟಿಯವರಿಗೆ ಕೊಡಬೇಕಾದ ವರದಿ ತೋರಿಸಿದರು. ಕಾಳು ಸರಿಯಾಗಿ ತುಂಬಿಲ್ಲ ಎಂದು ಅದರಲ್ಲಿ ಬರೆದಿತ್ತು.

“ಅಂದ್ರ ಶೇಖರಣ್ಣನ ತಪ್ಪಾ ಸರ್?”

“ಮತ್ತ ಯಾರ ತಪ್ಪರೀ? ತಾಟಿನ ಹಾಳಿಗೆ ನಿಮ್ಮ ಸಹಿ ಅದ, ಅದು ಮಟ್ಟ ಅದ. ಉಳಿದದ್ದು ಕಾಳು.” ಅವರು ನನ್ನ ಮುಖ ನೋಡದೆ ಮಾತಾಡುತ್ತಿದ್ದರು. “ಪರ್ಮನೆಂಟ್ ಪಟ್ಟಿಯಿಂದ ಅವನ ಹೆಸರು ತಗೀಬೇಕಾಗ್ತದ. ನನಗೂ ಛಲೋ ಅನಿಸವಲ್ದು.”

ನನಗೆ ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ. ವರದಿ ಕಳಿಸುವ ಮೊದಲು ಮುಚ್ಚಳ ತೆಗೆದು ನೋಡೋಣ ಎಂದಷ್ಟೇ ಹೇಳಿ ಎದ್ದು ಬಂದೆ. ನನ್ನ ಮನಸ್ಸಿನಲ್ಲಿದ್ದ ಉಪಾಯ ಇನ್ನೂ ನೀಚವಾದದ್ದು. ಮೊದಲು ನಾನೇ ಬಗ್ಗಿ ರೂಪಾಯಿ ಎತ್ತಿಕೊಂಡರೆ, ಪಟ್ಟಿ ಸೊಟ್ಟಗಿದೆ ಎಂದು ಅದನ್ನು ಬೆಸೆದವರ ಮೇಲೆ ಹೇಳಬಹುದು, ಶೇಖರಣ್ಣನೂ ಉಳಿಯುತ್ತಾನೆ, ನಾನೂ ಉಳಿಯುತ್ತೇನೆ. ಹೊರಗೆ ಶೇಖರಣ್ಣ ಬೆಂಚಿನ ಮೇಲೆ ಕುಳಿತು ಊಟದ ಡಬ್ಬಿ ತೊಳೆಯುತ್ತಿದ್ದ. ಸುದ್ದಿ ಅವನಿಗೆ ಮುಟ್ಟಿತ್ತು.

“ಕಾಳು ಸಮ ಉಂಟು ಅಕ್ಕ” ಎಂದ. “ನನ್ನ ಕೈಗೆ ಗೊತ್ತಾಗ್ತದೆ.” ತೊಳೆದ ಡಬ್ಬಿಯನ್ನು ಬೆಂಚಿನ ಮೇಲೆ ಬೋರಲು ಹಾಕಿದ.

ರಿಯಾಕ್ಟರ್ ತಣಿಸಿ, ಒಳಗೆ ನೈಟ್ರೋಜನ್ ಹರಿಸಿ ಮುಚ್ಚಳ ತೆಗೆಯುವ ದಿನ ಪಾರ್ಟಿಯವರೂ ಬಂದರು. ಗಾಳಿಯ ಮುಖವಾಡ ಕಟ್ಟಿಕೊಂಡು ಕೈ ಹಾಕುವ ಕೆಲಸ, ತರಬೇತಿ ಇದ್ದವರೇ ಮಾಡಬೇಕು ಎಂದು ಸಾಹೇಬರು ಹೇಳಿದ್ದರಿಂದ ನನ್ನ ಉಪಾಯ ಅಲ್ಲೇ ಮುರಿಯಿತು. ಶೇಖರಣ್ಣ ತಟ್ಟೆಯನ್ನು ಸರಪಳಿಯಲ್ಲಿ ಎತ್ತಿ, ಭುಜದವರೆಗೆ ಕೈ ಇಳಿಸಿ ಪಟ್ಟಿಯ ಸುತ್ತ ಸವರಿದ. ಆಮೇಲೆ ಮುಖವಾಡ ತೆಗೆದು ನನ್ನ ಹತ್ತಿರ ಬಂದ. ಸಾಹೇಬರೂ ಪಾರ್ಟಿಯವರೂ ಇನ್ನೂ ಏಣಿಯಲ್ಲಿದ್ದರು. ಅವನು ನನ್ನ ಅಂಗೈಯಲ್ಲಿ ಏನನ್ನೋ ಇಟ್ಟು ಬೆರಳು ಮಡಚಿದ.

“ನಿಮ್ದು. ಪರ್ಸಿಗೆ ಹಾಕಿ.”

“ಶೇಖರಣ್ಣ, ನಿಮಗ ಗೊತ್ತಿತ್ತು.”

“ನೀವು ಇಡುವಾಗ ಪಕ್ಕದಲ್ಲಿ ನಿಂತದ್ದು ಯಾರು ಅಕ್ಕ?”

“ಮತ್ತ ಯಾಕ ಹೇಳಲಿಲ್ಲ?”

“ಹೇಳಿ ಎಂತ ಮಾಡುದು? ನನಗೆ ಯಾವ ಹೋಟೆಲಿನಲ್ಲಿ ಆದ್ರೂ ಕೆಲಸ ಸಿಗ್ತದೆ. ನಿಮ್ಗೆ ಈ ಪ್ರಾಯದಲ್ಲಿ ಯಾರು ಕೊಡ್ತಾರೆ? ನಿಮ್ಗೆ ಚಹಾ ಮಾಡ್ಲಿಕ್ಕೂ ಸರಿಯಾಗಿ ಬರುದಿಲ್ಲ.”

ಅಳುವೂ ನಗುವೂ ಒಟ್ಟಿಗೇ ಬಂತು. ಅಷ್ಟರಲ್ಲಿ ಸಾಹೇಬರು ಮೇಲೆ ಬಂದರು, ಅವರ ಹಿಂದೆ ಪಾರ್ಟಿಯವರಿಬ್ಬರು. ನಾನು ಕೈ ಮುಂದೆ ಮಾಡಿ ಬೆರಳು ಬಿಚ್ಚಿದೆ. ಗಂಧಕ ತಿಂದ ಬೆಳ್ಳಿ ಇದ್ದಿಲಿನಷ್ಟು ಕಪ್ಪಾಗಿತ್ತು.

“ಸರ್, ಇದು ನಂದು. ತಾಟಿನ ಕೆಳಗ ಇಟ್ಟಿದ್ದೆ. ಲೆವೆಲ್ ನೋಡದ ಸಹಿ ಮಾಡೀನಿ. ಶೇಖರಣ್ಣ ನೋಡೋಣು ಅಂದಿದ್ರು, ನಾನ ಬ್ಯಾಡ ಅಂದೆ.”

ಸಾಹೇಬರು ಆ ರೂಪಾಯಿಯನ್ನು ಬಗ್ಗಿ ನೋಡಿದರು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ಅವರು ತಗ್ಗಿದ ದನಿಯಲ್ಲಿ ಕೇಳಿದರು, “ಶೇಖರ, ಇನ್ನೊಂದು ಎಲ್ಲದನೋ?”

“ಕಿಸೆಯಲ್ಲಿ ಉಂಟು ಸರ್. ಆಮೇಲೆ ಕೊಡುವಾ ಅಂತ.” ಶೇಖರಣ್ಣ ಲಕ್ಷ್ಮಿಯ ಚಿತ್ರದ ಬೆಳ್ಳಿ ನಾಣ್ಯವೊಂದನ್ನು ತೆಗೆದು ಅವರ ಕೈಗೆ ಕೊಟ್ಟ. ಅದೂ ಕಪ್ಪು. “ಇಬ್ರೂ ಒಂದೇ ಕಡೆ ಇಟ್ಟದ್ದು ತಪ್ಪಾಯ್ತು. ಒಬ್ರು ಆಚೆ ಬದಿ ಇಟ್ಟಿದ್ರೆ ಅರ್ಧ ಸಮ ಆಗ್ತಿತ್ತು.”

ಅವರು ಒಳಗೆ ಬಗ್ಗಿ ನೋಡಿದ್ದು ಏತಕ್ಕೆಂದು ನನಗೆ ಆಗ ತಿಳಿಯಿತು. ಯಾವುದಕ್ಕೂ ಇರಲಿ ಎಂದು ನಾನೊಂದಿಷ್ಟು, ಅವರೊಂದಿಷ್ಟು. ಅವರೂ ಪಾರಸಿಕ್ ಗುಡ್ಡವನ್ನೇ ನೋಡಿ ಈಶಾನ್ಯ ಹುಡುಕಿದ್ದರಂತೆ. ಪಾರ್ಟಿಯವರಲ್ಲಿ ಹಿರಿಯರು, “ಕ್ಯಾ ನಿಕಲಾ, ಸಾಹಬ್?” ಎಂದರು. ಸಾಹೇಬರು ಹೆಲ್ಮೆಟ್ ಸರಿಮಾಡಿಕೊಂಡು, “ಹಮಾರೀ ಗಲತೀ ನಿಕಲೀ. ಲೋಡಿಂಗ್ ಬಿಲ್ಕುಲ್ ಠೀಕ್ ಹೈ” ಎಂದರು, ತಪ್ಪು ನಮ್ಮದೇ, ಕಾಳು ತುಂಬಿದ್ದು ಸರಿಯಾಗಿದೆ ಎಂದು. ಅವರನ್ನು ನಾನು ಅಷ್ಟು ವರ್ಷ ಬೈದುಕೊಂಡದ್ದರಲ್ಲಿ ಅರ್ಧವನ್ನು ಅವತ್ತು ಹಿಂದೆಗೆದುಕೊಂಡೆ.

ತಟ್ಟೆಯನ್ನು ಮತ್ತೆ ಕೂರಿಸಿದೆವು, ಈ ಸಲ ನಾಲ್ಕು ಕಡೆ ಲೆವೆಲ್ ಇಟ್ಟು. ಆ ವಾರ ಬಂದ ಡೀಸೆಲನ್ನು ಶೇಖರಣ್ಣ ಗಾಜಿನ ಲೋಟಕ್ಕೆ ಹಿಡಿದು ತಂದ. ಅದರ ಹಿಂದೆ ದಿನಪತ್ರಿಕೆ ಹಿಡಿದು ಒಂದಿಡೀ ಸುದ್ದಿ ಓದಿದೆ. ವರದಿಯನ್ನು ಸಾಹೇಬರು ಹರಿದು ಹಾಕಿದರು, ಪಟ್ಟಿಯಲ್ಲಿ ಹೆಸರು ಉಳಿಯಿತು, ಶೇಖರಣ್ಣ ಪರ್ಮನೆಂಟ್ ಆದ. ನನಗೂ ಸಾಹೇಬರಿಗೂ ಮುಂಬಯಿಯ ದೊಡ್ಡ ಆಫೀಸಿನಿಂದ ಎಚ್ಚರಿಕೆಯ ಪತ್ರ ಬಂತು. ಇಬ್ಬರದರಲ್ಲೂ ಒಂದೇ ಒಕ್ಕಣೆ.

ಅಲ್ಲಿಂದ ಮುಂದೆ ಕೆಲಸದ ವಿಧಾನವೂ ಬದಲಾಯಿತು. ಸಹಿಗಳೆಲ್ಲ ಆದ ಮೇಲೆ, ಮುಚ್ಚಳ ಹಾಕುವ ಮೊದಲು, ಶೇಖರಣ್ಣ ಅಟ್ಟದ ಮೇಲಿರುವ ಪ್ರತಿಯೊಬ್ಬರಿಗೂ, “ಕೈ ತೋರ್ಸಿ” ಎನ್ನುತ್ತಿದ್ದ. ಇಂಜಿನಿಯರಿರಲಿ, ಸಾಹೇಬರಿರಲಿ, ಎರಡೂ ಅಂಗೈ ಬಿಚ್ಚಿ ತೋರಿಸಬೇಕು. ಇದನ್ನು ನೀವು ಯಾವ ಸಾಫ್ಟ್‌ವೇರಿನಲ್ಲೂ ಹುಡುಕಬೇಡಿ. ಮುಂದಿನ ರಿಯಾಕ್ಟರಿನ ಮುಹೂರ್ತದ ದಿನ ನಾನು ಕೂಡಲೇ ತೋರಿಸಿದೆ. ಸಾಹೇಬರ ಎಡಗೈಯೂ ಬೇಗ ಬಿಚ್ಚಿತು. ಬಲಗೈಗೆ ಸ್ವಲ್ಪ ಹೊತ್ತು ಹಿಡಿಯಿತು.

ನಾನು ನಿವೃತ್ತಳಾದ ದಿನ ಕ್ಯಾಂಟೀನಿನಲ್ಲಿ ಹಾರ, ಪೇಡೆ, ಭಾಷಣ ಎಲ್ಲ ಆಯಿತು. ಗೇಟಿನ ತನಕ ಚೀಲ ಹಿಡಿದುಕೊಂಡು ಬಂದ ಶೇಖರಣ್ಣ ಅಲ್ಲಿ ನಿಂತು, “ಕೈ ತೋರ್ಸಿ ಅಕ್ಕ” ಎಂದ. ಅಭ್ಯಾಸಬಲ, ಎರಡೂ ಅಂಗೈ ಚಾಚಿದೆ. ಅವನು ನನ್ನ ಅಂಗೈಯಲ್ಲಿ ಅಜ್ಜಿಯ ರೂಪಾಯಿ ಇಟ್ಟ. ಅದನ್ನು ಅವತ್ತು ಅಟ್ಟದ ಮೇಲೆ ಎಲ್ಲಿ ಬಿಟ್ಟೆನೆಂದು ನಾನು ಮರೆತೇಬಿಟ್ಟಿದ್ದೆ. ವಿಭೂತಿ ಹಚ್ಚಿ ತಿಕ್ಕಿ ಫಳಫಳ ಹೊಳೆಯಿಸಿದ್ದ. ಸಂತೋಷ ತಾಳಲಾರದೆ ತಿರುವಿ ನೋಡಿದೆ. ಹಿಂಬದಿ ಇದ್ದಿಲಿನ ಹಾಗೆ ಕಪ್ಪಾಗಿಯೇ ಇತ್ತು.

“ಆ ಬದಿ ಬೇಕೆಂದೇ ಬಿಟ್ಟದ್ದು” ಎಂದ ಶೇಖರಣ್ಣ. “ಅವತ್ತು ನೀವು ನನಗೋಸ್ಕರ ಕೈ ಬಿಚ್ಚಿ ತೋರ್ಸಿದ ಕಪ್ಪು. ಅದು ನನ್ದು.”